ಮೊದಲು ಬ್ಯಾಲೆನ್ಸು, ಆಮೇಲೆ ಪೆಡಲು

ಸೈಕಲ್ ಹೊಡೆಯುವುದರಲ್ಲಿ ಕಲಿಯಬೇಕಾದ ಕೆಲಸ ಎರಡಿವೆ. ಒಂದು ಬೀಳದಂತೆ ಬ್ಯಾಲೆನ್ಸ್ ಮಾಡುವುದು, ಇನ್ನೊಂದು ಪೆಡಲ್ ತುಳಿಯುವುದು. ಮೂರು-ನಾಲ್ಕು ವರ್ಷದ ಮಗುವಿಗೆ ಎರಡನ್ನೂ ಒಟ್ಟಿಗೆ ಕಲಿಯುವುದು ಕಷ್ಟ. ಯಾವುದನ್ನು ಮೊದಲು ಕಲಿಸಬೇಕು ಎಂಬುದರ ಮೇಲೆ ಯಾವ ಸೈಕಲ್ ಕೊಡಿಸಬೇಕು ಎಂಬುದು ತೀರ್ಮಾನವಾಗುತ್ತದೆ. ಹಿಂದಿನ ಗಾಲಿಯ ಎರಡೂ ಬದಿಗೆ ಪುಟ್ಟ ಚಕ್ರ ಕಟ್ಟಿದ ಸೈಡ್ ವೀಲ್ ಸೈಕಲ್ ಮೊದಲು ಪೆಡಲ್ ಕಲಿಸುತ್ತದೆ, ಬ್ಯಾಲೆನ್ಸಿನ ಪಾಠವನ್ನು ಮುಂದಕ್ಕೆ ಹಾಕುತ್ತದೆ. ಬ್ಯಾಲೆನ್ಸ್ ಬೈಕ್ ಎಂದು ಮಾರಾಟವಾಗುವ ಸೈಕಲ್‌ಗೆ ಪೆಡಲ್ಲೂ ಇಲ್ಲ, ಚೈನೂ ಇಲ್ಲ. ಮಗು ಸೀಟಿನ ಮೇಲೆ ಕೂತು, ಎರಡೂ ಕಾಲು ನೆಲಕ್ಕೆ ಊರಿ, ತಳ್ಳಿಕೊಂಡು ಹೋಗುತ್ತದೆ. ಇಲ್ಲಿ ಬ್ಯಾಲೆನ್ಸ್ ಮೊದಲು, ಪೆಡಲ್ ಆಮೇಲೆ.

ಆಂಧ್ರದ ಗಡಿಯ ರಾಯದುರ್ಗ, ಮಡಕಶಿರಾದಂಥ ಊರುಗಳಲ್ಲಿ ಸೈಕಲ್ ಅಂಗಡಿಗೆ ಹೋದರೆ ಎದುರಿಗೆ ಕಾಣುವುದು ಸಾಮಾನ್ಯವಾಗಿ ಸೈಡ್ ವೀಲ್ ಕಟ್ಟಿದ ಬಣ್ಣಬಣ್ಣದ ಸೈಕಲ್. ಬ್ಯಾಲೆನ್ಸ್ ಬೈಕ್ ಬೇಕೆಂದರೆ ಆನ್‌ಲೈನ್‌ನಲ್ಲಿ ತರಿಸಬೇಕು, ಇಲ್ಲವೇ ದೊಡ್ಡ ನಗರಕ್ಕೆ ಹೋದಾಗ ತರಬೇಕು. ಹೀಗಾಗಿ ಈ ಭಾಗದ ಬಹಳ ಮನೆಗಳಲ್ಲಿ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಏಳಬೇಕು. ಅಂಗಡಿಯ ಸೈಕಲನ್ನೇ ಬ್ಯಾಲೆನ್ಸ್ ಬೈಕ್ ಮಾಡಿಕೊಳ್ಳುವ ದಾರಿ ಇದೆ, ಅದಕ್ಕೆ ಹೆಚ್ಚು ದುಡ್ಡೂ ಬೇಕಾಗಿಲ್ಲ.

ಮೊದಲು ಸೈಕಲ್ ಬೀಳದೆ ಹೋಗುವುದು ಹೇಗೆ ಎಂದು ನೋಡಬೇಕು. ಓಡುವ ಸೈಕಲ್ ಎಡಕ್ಕೆ ವಾಲಿದರೆ ಸವಾರ ಹ್ಯಾಂಡಲನ್ನೂ ಎಡಕ್ಕೇ ತಿರುಗಿಸುತ್ತಾನೆ. ಆಗ ಗಾಲಿಗಳು ವಾಲಿದ ಮೈಯ ಕೆಳಗೆ ಬಂದು ನಿಲ್ಲುತ್ತವೆ, ಬೀಳುವುದು ತಪ್ಪುತ್ತದೆ. ಬಲಕ್ಕೆ ವಾಲಿದಾಗಲೂ ಹೀಗೆಯೇ. ವಾಲಿದ ಕಡೆಗೇ ತಿರುಗಿಸುವ ಈ ಸಣ್ಣ ತಿದ್ದುಪಡಿ ನಿಮಿಷಕ್ಕೆ ಎಷ್ಟೋ ಸಲ, ಯೋಚನೆಗೂ ಬಾರದೆ, ನಡೆಯುತ್ತಲೇ ಇರುತ್ತದೆ. ತಿರುಗುವ ಗಾಲಿಯ ಬುಗುರಿಯಂಥ ಗುಣವೇ ಸೈಕಲನ್ನು ಬೀಳದಂತೆ ನಿಲ್ಲಿಸುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 2011ರಲ್ಲಿ ಅಮೆರಿಕ ಮತ್ತು ನೆದರ್ಲೆಂಡ್ಸ್‌ನ ಸಂಶೋಧಕರು ಆ ಗುಣವನ್ನು ರದ್ದುಮಾಡಿದ ಒಂದು ವಿಚಿತ್ರ ಸೈಕಲ್ ಕಟ್ಟಿ, ಅದೂ ಸವಾರನಿಲ್ಲದೆ ತಾನಾಗಿಯೇ ನೆಟ್ಟಗೆ ಸಾಗಬಲ್ಲದು ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ವಾಲಿದ ಕಡೆಗೆ ತಿರುಗುವುದೇ ಮುಖ್ಯವಾದದ್ದು. ಹಳೆಯ ಟೈರನ್ನು ಕೋಲಿನಿಂದ ಹೊಡೆಯುತ್ತಾ ಬೀದಿಯುದ್ದ ಓಡುವ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು: ಓಡುವ ಟೈರು ವಾಲಿದ ಬದಿಗೇ ತಿರುಗುತ್ತದೆ, ನಿಂತ ಟೈರು ಮಗ್ಗುಲಾಗಿ ಬೀಳುತ್ತದೆ.

ಚರಿತ್ರೆಯಲ್ಲೂ ಬ್ಯಾಲೆನ್ಸೇ ಮೊದಲು ಬಂದದ್ದು. ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ 1817ರಲ್ಲಿ ಮಾನ್‌ಹೈಮ್ ನಗರದಲ್ಲಿ ಓಡಿಸಿದ ಎರಡು ಗಾಲಿಯ ಮರದ ವಾಹನಕ್ಕೆ ಪೆಡಲ್ ಇರಲಿಲ್ಲ. ಸವಾರ ಕಾಲಿನಿಂದ ನೆಲ ಒದ್ದು ಮುಂದಕ್ಕೆ ಹೋಗಬೇಕಿತ್ತು. ಮುಂದಿನ ಗಾಲಿಗೆ ಪೆಡಲ್ ಕೂಡಿಸಿದ ಸೈಕಲ್ ಫ್ರಾನ್ಸಿನಲ್ಲಿ ಬಳಕೆಗೆ ಬಂದದ್ದು 1860ರ ದಶಕದಲ್ಲಿ. ಚೈನಿನಿಂದ ಹಿಂದಿನ ಗಾಲಿ ತಿರುಗಿಸುವ, ಇಂದಿನ ಸೈಕಲ್‌ಗೆ ಮೂಲವಾದ ‘ರೋವರ್’ ಇಂಗ್ಲೆಂಡಿನಲ್ಲಿ 1885ರಲ್ಲಿ ಬಂತು.

ಬಾಡಿಗೆ ಸೈಕಲ್ ಕಾಲದಲ್ಲಿ ಈ ಸೀಮೆಯ ಮಕ್ಕಳು ಕಲಿತ ಬಗೆಯೂ ಇದೇ ಕ್ರಮದ್ದು. ಗಂಟೆ ಲೆಕ್ಕಕ್ಕೆ ತಂದ ದೊಡ್ಡವರ ಸೈಕಲ್‌ನ ಸೀಟು ಎಟುಕುತ್ತಿರಲಿಲ್ಲ. ಮೊದಲು ಅದನ್ನು ಪಕ್ಕದಲ್ಲಿ ತಳ್ಳಿಕೊಂಡು ನಡೆಯುವುದು, ಆಮೇಲೆ ಎಡ ಪೆಡಲಿನ ಮೇಲೆ ಒಂದು ಕಾಲಿಟ್ಟು ಇನ್ನೊಂದು ಕಾಲಿನಿಂದ ನೆಲ ಒದೆಯುತ್ತಾ ತೇಲುವುದು, ಕೊನೆಗೆ ತ್ರಿಕೋನದ ಫ್ರೇಮಿನೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುವುದು. ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ನೆಲದ ಮೇಲೆ ಇದ್ದ ಆ ನಡುವಿನ ಹಂತದಲ್ಲೇ ಬ್ಯಾಲೆನ್ಸ್ ಮೈಗೆ ಹತ್ತುತ್ತಿತ್ತು. ಬ್ಯಾಲೆನ್ಸ್ ಬೈಕ್ ಮಾಡುವುದೂ ಇಷ್ಟೇ. ಆದರೆ ಎಂಟು-ಹತ್ತು ವರ್ಷದವರು ಕಲಿಯುತ್ತಿದ್ದುದನ್ನು ಅದು ಮೂರು ವರ್ಷದವರ ಅಳತೆಗೆ ಇಳಿಸಿದೆ.

ಸೈಡ್ ವೀಲ್ ಕಟ್ಟಿದ ಸೈಕಲ್ ವಾಲುವುದೇ ಇಲ್ಲ. ತೊಂದರೆ ಶುರುವಾಗುವುದು ಅಲ್ಲೇ. ವಾಲದ ಸೈಕಲ್ ಮೇಲೆ ಮಗು ವಾಲಿದ ಕಡೆಗೆ ತಿರುಗಿಸಲು ಕಲಿಯುವುದಿಲ್ಲ. ಮೂರು ಚಕ್ರದ ಸೈಕಲ್‌ನಂತೆ ಹ್ಯಾಂಡಲನ್ನು ಎಳೆದು ತಿರುಗಿಸುತ್ತದೆ, ತಿರುವಿನಲ್ಲಿ ಮೈಯನ್ನು ಹೊರಗಡೆಗೆ ಬಿಡುತ್ತದೆ. ಎರಡು ಗಾಲಿಯ ಮೇಲೆ ಇದು ತಲೆಕೆಳಗು. ಸೈಡ್ ವೀಲ್ ಬಿಚ್ಚಿದ ದಿನ ಮಗು ಕಲಿತದ್ದನ್ನು ಮೊದಲು ಮರೆತು ಆಮೇಲೆ ಹೊಸದಾಗಿ ಕಲಿಯಬೇಕಾಗುತ್ತದೆ. ಅಪ್ಪ ಸೀಟು ಹಿಡಿದು ಹಿಂದೆ ಓಡುವುದು, ಕೈಬಿಟ್ಟ ಕೂಡಲೇ ಮಗು ಬೀಳುವುದು, ವಾರಗಟ್ಟಲೆ ಸೈಕಲ್ ಮೂಲೆ ಸೇರುವುದು ಎಲ್ಲಕ್ಕೂ ಮೂಲ ಇದೇ.

ಇಲ್ಲಿನ ರಸ್ತೆಗಳು ಈ ದೋಷವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಹಳ್ಳಿಯ ಸಿಸಿ ರಸ್ತೆ ನಡುವೆ ಎತ್ತರವಾಗಿ ಎರಡೂ ಬದಿಗೆ ಚರಂಡಿಯ ಕಡೆ ಇಳಿಜಾರಾಗಿರುತ್ತದೆ. ಆ ಇಳಿಜಾರಿನಲ್ಲಿ ಒಂದು ಸೈಡ್ ವೀಲ್ ಮೇಲೇ ಭಾರವೆಲ್ಲ ಬಿದ್ದು ಸೈಕಲ್ ಚರಂಡಿಯ ಕಡೆಗೆ ಎಳೆಯುತ್ತದೆ, ತಗಡಿನ ಪಟ್ಟಿ ಬೇಗ ಬಾಗುತ್ತದೆ. ಮಣ್ಣಿನ ದಾರಿಯ ತಗ್ಗಿನಲ್ಲಿ ಕಾಣುವುದು ಬೇರೆ: ಎರಡು ಸೈಡ್ ವೀಲ್ ತಗ್ಗಿನ ಅಂಚುಗಳ ಮೇಲೆ ಕೂತು ಹಿಂದಿನ ಗಾಲಿ ನಡುವೆ ತೂಗಾಡುತ್ತದೆ. ಮಗು ಎಷ್ಟು ತುಳಿದರೂ ಗಾಲಿ ಗಾಳಿಯಲ್ಲೇ ತಿರುಗುತ್ತದೆ. ಅಂಥ ಹೊತ್ತಲ್ಲಿ ಹಿಂದಿನ ಬ್ರೇಕ್ ಹಿಡಿದೂ ಪ್ರಯೋಜನವಿಲ್ಲ, ಏಕೆಂದರೆ ಗಾಲಿ ನೆಲ ಮುಟ್ಟಿಯೇ ಇಲ್ಲ. ರಾಯದುರ್ಗ, ಮಡಕಶಿರಾ ಎರಡೂ ಕೋಟೆಬೆಟ್ಟದ ಬುಡದ ಊರುಗಳು. ಬೆಟ್ಟದ ಕಡೆಯ ಇಳಿಜಾರಿನ ಓಣಿಗಳಲ್ಲಿ ಸೈಡ್ ವೀಲ್ ಸೈಕಲ್ ಜೋರಾಗಿ ತಿರುಗಿದರೆ ಒಳಗಡೆಗೆ ವಾಲಲಾರದೆ ಹೊರಗಡೆಗೆ ಮಗುಚುತ್ತದೆ.

ಬ್ಯಾಲೆನ್ಸ್ ಬೈಕ್ ಆಯುವಾಗ ಮೊದಲು ನೋಡಬೇಕಾದದ್ದು ಸೀಟಿನ ಎತ್ತರ. ಮಗುವನ್ನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ತೊಡೆಸಂದಿಯಿಂದ ನೆಲದವರೆಗೆ ಟೇಪಿನಲ್ಲಿ ಅಳೆಯಬೇಕು. ಸೀಟು ಅದಕ್ಕಿಂತ ಎರಡು-ಮೂರು ಸೆಂಟಿಮೀಟರ್ ತಗ್ಗಿನಲ್ಲಿದ್ದರೆ ಪಾದ ಪೂರ್ತಿ ನೆಲಕ್ಕೆ ತಾಗಿ ಮಂಡಿ ತುಸು ಬಾಗಿರುತ್ತದೆ. ಬೆರಳ ತುದಿ ಮಾತ್ರ ತಾಗುವ ಸೈಕಲ್ ಬೇಡ. ‘ಮುಂದಕ್ಕೂ ಆಗಲಿ’ ಎಂದು ಒಂದು ಅಳತೆ ದೊಡ್ಡದು ತರುವುದು ಬಟ್ಟೆಗೆ ಸರಿ, ಕಲಿಯುವ ಸೈಕಲ್‌ಗೆ ಸರಿಯಲ್ಲ. ಕಾಲು ನೆಲಕ್ಕೆ ಎಟುಕದ ಮಗು ಹೆದರುತ್ತದೆ. ಹೆದರಿದ ಮಗು ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡು ಅಲುಗದೆ ಕೂರುತ್ತದೆ, ವಾಲಿದ ಕಡೆಗೆ ತಿರುಗಿಸುವ ಪಾಠಕ್ಕೇ ಅಡ್ಡಿಯಾಗುತ್ತದೆ.

ಭಾರವೂ ಅಷ್ಟೇ ಮುಖ್ಯ. ಮೂರು ವರ್ಷದ ಮಗುವಿನ ತೂಕ ಹನ್ನೆರಡು-ಹದಿನಾಲ್ಕು ಕಿಲೋ ಇರುತ್ತದೆ. ಹಗುರವಾದ ಬ್ಯಾಲೆನ್ಸ್ ಬೈಕ್ ಮೂರು-ನಾಲ್ಕು ಕಿಲೋ ತೂಗುತ್ತದೆ. ಮಡ್‌ಗಾರ್ಡ್, ಕ್ಯಾರಿಯರ್, ಬುಟ್ಟಿ, ಸೈಡ್ ವೀಲ್ ಎಲ್ಲ ಹೊತ್ತ ಕಬ್ಬಿಣದ ಪುಟ್ಟ ಸೈಕಲ್‌ನ ಭಾರ ಅದರ ಎರಡರಷ್ಟಾಗುವುದು ಸುಲಭ. ಬಿದ್ದ ಸೈಕಲನ್ನು ಮಗು ತಾನೇ ಎತ್ತಿ ನಿಲ್ಲಿಸುವಂತಿದ್ದರೆ ದಿನಕ್ಕೆ ಹತ್ತು ಸಲ ಬಿದ್ದರೂ ಅದು ಆಟವೇ. ಎತ್ತಲು ಪ್ರತಿ ಸಲ ದೊಡ್ಡವರು ಬರಬೇಕಾದರೆ ಆಟ ಬೇಗ ಮುಗಿಯುತ್ತದೆ.

ಟೈರಿನ ವಿಷಯಕ್ಕೆ ಬಂದರೆ ಈ ಸೀಮೆಗೇ ಒಂದು ಮಾತಿದೆ. ರಸ್ತೆಯಂಚಿಗೆಲ್ಲ ಬಳ್ಳಾರಿ ಜಾಲಿ, ಬಯಲಿನಲ್ಲಿ ನೆಗ್ಗಿಲು ಮುಳ್ಳು. ಗಾಳಿ ತುಂಬುವ ಟ್ಯೂಬಿನ ಟೈರು ಮೆತ್ತಗೆ ಓಡುತ್ತದೆ, ಹಿಡಿತವೂ ಚೆನ್ನ, ಆದರೆ ಪಂಕ್ಚರ್ ತಪ್ಪಿದ್ದಲ್ಲ. ಬ್ಯಾಲೆನ್ಸ್ ಬೈಕ್‌ಗಳಿಗೆ ಹೆಚ್ಚಾಗಿ ಹಾಕುವ ಗಟ್ಟಿ ಫೋಮ್ ಟೈರಿಗೆ ಮುಳ್ಳು ಚುಚ್ಚಿದರೂ ಚಿಂತೆಯಿಲ್ಲ. ಕುಲುಕಾಟ ಹೆಚ್ಚು, ನುಣುಪಾದ ನೆಲದ ಮೇಲೆ ಸ್ವಲ್ಪ ಜಾರುತ್ತದೆ. ಪುಟ್ಟ ಮಗುವಿನ ವೇಗಕ್ಕೆ ಇಲ್ಲಿ ಫೋಮ್ ಟೈರೇ ಮೇಲು. ಬೊಮ್ಮನಹಾಳು, ಕಣೇಕಲ್ಲು ಕಡೆಯ ಹಗರಿ ಹೊಳೆಯ ಮರಳಿನಲ್ಲಿ ಮಾತ್ರ ಯಾವ ಟೈರೂ ಓಡದು. ಕಲಿಯಲು ಬೇಕಾದದ್ದು ಗಟ್ಟಿ ನೆಲ: ಸುಗ್ಗಿ ಮುಗಿದ ಕಣ, ಸಂಜೆಯ ಶಾಲೆಯ ಅಂಗಳ, ದೇವಸ್ಥಾನದ ಮುಂದಿನ ಬಯಲು. ಬೇಸಿಗೆಯಲ್ಲಿ ಬೆಳಗ್ಗೆ ಬೇಗ, ಇಲ್ಲವೇ ಹೊತ್ತು ಇಳಿದ ಮೇಲೆ.

ಬ್ಯಾಲೆನ್ಸ್ ಬೈಕ್‌ನ ದೊಡ್ಡ ಕೊರತೆ ಬ್ರೇಕು. ಬಹಳಷ್ಟಕ್ಕೆ ಬ್ರೇಕೇ ಇರುವುದಿಲ್ಲ, ಕಾಲೇ ಬ್ರೇಕು. ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಸಿಮೆಂಟು ರಸ್ತೆಯ ಮೇಲೆ ಕಾಲೆಳೆದರೆ ಬೆರಳು ತರಚುತ್ತದೆ, ಆದ್ದರಿಂದ ಬೆರಳು ಮುಚ್ಚುವ ಬೂಟು ಹಾಕಿಸಲೇಬೇಕು. ಬೆಟ್ಟದ ಓಣಿಗಳಿಗೆ ಬ್ಯಾಲೆನ್ಸ್ ಬೈಕನ್ನು ಬಿಡಲೇಬಾರದು. ಇಳಿಜಾರಿನಲ್ಲಿ ಇದು ಸೈಡ್ ವೀಲ್ ಸೈಕಲ್‌ಗಿಂತಲೂ ಅಪಾಯ, ಏಕೆಂದರೆ ವೇಗ ಹೆಚ್ಚಿದ ಮೇಲೆ ಪುಟ್ಟ ಕಾಲಿಗೆ ನಿಲ್ಲಿಸುವ ಬಲವಿರದು. ತಲೆಗೆ ಹೆಲ್ಮೆಟ್ ಎರಡು ಬಗೆಯ ಸೈಕಲ್‌ಗೂ ಬೇಕು. ಮಂಡಿಗೆ ಉದ್ದ ಜೀನ್ಸ್ ಪ್ಯಾಂಟು ಸಾಕು.

ಇನ್ನು ಅಂಗಡಿಯ ಸೈಕಲನ್ನೇ ಬ್ಯಾಲೆನ್ಸ್ ಬೈಕ್ ಮಾಡುವ ದಾರಿ. ಹನ್ನೆರಡು ಇಂಚಿನ ಸೈಕಲ್ ತಂದು ಸೈಡ್ ವೀಲ್ ಬಿಚ್ಚಿಸಬೇಕು, ಜೊತೆಗೆ ಎರಡೂ ಪೆಡಲ್ ಬಿಚ್ಚಿಸಬೇಕು. ಬಲ ಪೆಡಲ್ ಎಲ್ಲ ನಟ್ಟುಗಳಂತೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಸಡಿಲುತ್ತದೆ. ಎಡ ಪೆಡಲಿನ ತಿರುಪು ಉಲ್ಟಾ. ಅದನ್ನು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು, ಇಲ್ಲವಾದರೆ ಸಡಿಲುವ ಬದಲು ಇನ್ನೂ ಬಿಗಿಯುತ್ತದೆ. ತುಳಿಯುವಾಗ ಪೆಡಲ್ ತಾನಾಗಿ ಬಿಚ್ಚಿಕೊಳ್ಳದಿರಲಿ ಎಂದೇ ಎಡಗಡೆಗೆ ಈ ಏರ್ಪಾಡು. ಪೆಡಲ್ ಹೋದ ಮೇಲೂ ಉಳಿಯುವ ಕ್ರ್ಯಾಂಕಿನ ತುದಿ ಮಗುವಿನ ಮೀನಖಂಡಕ್ಕೆ ಬಡಿಯುವುದುಂಟು. ಮೆಕ್ಯಾನಿಕ್‌ಗೆ ಹೇಳಿ ಕ್ರ್ಯಾಂಕು, ಚೈನು ಎರಡನ್ನೂ ತೆಗೆಸಿದರೆ ಇನ್ನೂ ಒಳ್ಳೆಯದು, ಭಾರವೂ ಇಳಿಯುತ್ತದೆ. ಕ್ಯಾರಿಯರ್, ಬುಟ್ಟಿಯನ್ನೂ ಬಿಚ್ಚಿಸಿ ಸೀಟನ್ನು ಪೂರ್ತಿ ತಗ್ಗಿಸಬೇಕು. ಬಿಚ್ಚಿದ ಸಾಮಾನೆಲ್ಲ ಒಂದು ಚೀಲದಲ್ಲಿ ಕಟ್ಟಿಡಬೇಕು, ಕೆಲವು ತಿಂಗಳಲ್ಲಿ ಅದೇ ಸೈಕಲ್‌ಗೆ ಮತ್ತೆ ಬೇಕಾಗುತ್ತದೆ. ಕೊಂಡು ತಂದ ಬ್ಯಾಲೆನ್ಸ್ ಬೈಕ್‌ನ ಬಾಳು ಒಂದೆರಡು ವರ್ಷ. ಹೀಗೆ ಮಾಡಿಕೊಂಡದ್ದರಲ್ಲಿ ಬ್ರೇಕೂ ಉಳಿಯುತ್ತದೆ, ಪೆಡಲ್ ಕಲಿಯಲು ಬೇರೆ ಸೈಕಲ್ಲೂ ಬೇಡ. ಎರಡೂವರೆ ವರ್ಷಕ್ಕಿಂತ ಸಣ್ಣ ಮಗುವಿಗೆ ಮಾತ್ರ ಇದು ಎತ್ತರವೂ ಭಾರವೂ ಆಗುತ್ತದೆ. ಅಷ್ಟು ಬೇಗ ಶುರುಮಾಡುವವರು ಹಗುರವಾದ ಬ್ಯಾಲೆನ್ಸ್ ಬೈಕನ್ನೇ ತರಿಸಬೇಕು. ಭಾರತದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಆಟಿಕೆಯಾಗಿ ಮಾರುವ ಪುಟ್ಟ ಬೈಕ್ ಕೊಳ್ಳುವಾಗ ಆ ಮುದ್ರೆ ನೋಡಬೇಕು.

ಪೋರ್ಚುಗಲ್‌ನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, ಬ್ಯಾಲೆನ್ಸ್ ಬೈಕ್‌ನಿಂದ ಶುರುಮಾಡಿದವರು ಸರಾಸರಿ ನಾಲ್ಕು ವರ್ಷದ ಆಸುಪಾಸಿನಲ್ಲಿ ಸ್ವತಂತ್ರವಾಗಿ ಸೈಕಲ್ ಹೊಡೆಯುತ್ತಿದ್ದರು. ಸೈಡ್ ವೀಲ್‌ನಿಂದ ಶುರುಮಾಡಿದವರಿಗೆ ಆರರ ಹತ್ತಿರ ಆಗಿತ್ತು. ಬ್ಯಾಲೆನ್ಸ್ ಬೈಕ್ ಕೊಡಿಸುವವರು ಮಗುವಿಗೆ ಸೈಕಲನ್ನೇ ಬೇಗ ಕೊಟ್ಟಿರುತ್ತಾರೆ ಎಂಬುದನ್ನೂ ಗಮನಿಸಬೇಕು. ಎರಡು ವರ್ಷದ ಅಂತರವೆಲ್ಲ ಸೈಕಲ್‌ನ ಗುಣವೇ ಎನ್ನಲಾಗದು. ಬ್ಯಾಲೆನ್ಸ್ ಮೊದಲು ಕಲಿತರೆ ಹಾದಿ ಸುಲಭ ಎಂಬ ಮಾತಿಗೆ ಮಾತ್ರ ಅದರಿಂದ ಬಲ ಬರುತ್ತದೆ.

ಬೇಗ ಕಲಿಸುವುದಕ್ಕೆ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಕಾರಣವಿದೆ. ಗಡಿಯಾಚೆ ಕರ್ನಾಟಕದಲ್ಲಿ 2006–07ರಿಂದ ಎಂಟನೇ ತರಗತಿಗೆ ಸರ್ಕಾರಿ ಸೈಕಲ್ ಬಂತು. ಆಂಧ್ರದಲ್ಲೂ ಒಂಬತ್ತನೇ ತರಗತಿಯ ಹುಡುಗಿಯರಿಗೆ ‘ಬಡಿಕೊಸ್ತಾ’ ಯೋಜನೆಯಲ್ಲಿ ಸೈಕಲ್ ಕೊಟ್ಟರು. ಸೈಕಲ್ ಕೈಗೆ ಬಂದ ಮೇಲೆ, ಹದಿಮೂರನೇ ವಯಸ್ಸಿಗೆ, ನಾಲ್ಕು ಜನರ ಎದುರು ಬಿದ್ದೆದ್ದು ಕಲಿಯುವ ಸಂಕೋಚ ಸಣ್ಣದಲ್ಲ. ಮನೆಯಲ್ಲಿ ಅಣ್ಣನಿಗೆ ತಂದ ಪುಟ್ಟ ಸೈಕಲ್ ತಂಗಿಯ ಕೈಗೂ ಮೂರು ವರ್ಷಕ್ಕೇ ಬರಬೇಕು.

ಸೈಡ್ ವೀಲ್ ಎಲ್ಲರಿಗೂ ಬೇಡ ಎಂದಲ್ಲ. ಕಾಲಿನಲ್ಲಿ ಬಲ ಕಡಿಮೆ ಇರುವ, ಸೆರೆಬ್ರಲ್ ಪಾಲ್ಸಿಯಂಥ ತೊಂದರೆ ಇರುವ ಮಕ್ಕಳಿಗೆ ಗಟ್ಟಿಯಾದ ಸೈಡ್ ವೀಲ್ ಅಥವಾ ಮೂರು ಗಾಲಿಯ ಸೈಕಲ್ಲೇ ಸರಿ. ಫಿಸಿಯೋಥೆರಪಿಸ್ಟ್ ಸಲಹೆ ಕೇಳಿ ಆಯಬೇಕು. ಐದಾರು ವರ್ಷದ ಮಗು ಗೆಳೆಯರ ಮುಂದೆ ಪೆಡಲ್ ಇಲ್ಲದ ಸೈಕಲ್ ಹತ್ತಲು ಒಪ್ಪದಿದ್ದರೆ ಬಲವಂತ ಮಾಡಬಾರದು. ಪೆಡಲ್ ತುಳಿಯುವುದನ್ನೂ ಕೈಬ್ರೇಕ್ ಹಿಡಿಯುವುದನ್ನೂ ಸೈಡ್ ವೀಲ್ ಚೆನ್ನಾಗಿ ಕಲಿಸುತ್ತದೆ ಎಂಬುದೂ ನಿಜ. ಸಮನೆಲದ ಮನೆಯಂಗಳದಲ್ಲಿ ಅದರಿಂದ ಮಗುವಿಗೆ ಸಂತೋಷವೇ.

ಬ್ಯಾಲೆನ್ಸ್ ಬೈಕ್‌ನಲ್ಲಿ ಕಲಿಯುವ ಮಗು ಮೊದಲು ಸೀಟಿನ ಮೇಲೆ ಪೂರ್ತಿ ಕೂರದೆ ನಡೆಯುತ್ತದೆ. ಆಮೇಲೆ ಕೂತು ಓಡುತ್ತದೆ. ಎರಡೂ ಕಾಲೆತ್ತಿ ಹತ್ತು ಹದಿನೈದು ಅಡಿ ತೇಲಿಕೊಂಡು ಹೋಗಿ, ತಿರುವಿನಲ್ಲೂ ಕಾಲೂರದೆ ತಿರುಗಿದರೆ ಪೆಡಲ್ ಹಾಕಿಸುವ ಹೊತ್ತು ಬಂತು. ಪೆಡಲ್ ಹಾಕಿದ ಮೇಲೆ ಹಿಂದಿನಿಂದ ಮಗುವಿನ ಭುಜವನ್ನೋ ಬೆನ್ನನ್ನೋ ಹಗುರವಾಗಿ ಹಿಡಿಯಬೇಕು. ಹ್ಯಾಂಡಲ್ ಹಿಡಿಯಬಾರದು. ಹಿಡಿದರೆ ತಿರುಗಿಸುವ ಕೆಲಸ ದೊಡ್ಡವರ ಕೈಗೆ ಹೋಗುತ್ತದೆ. ನಿಂತಲ್ಲಿಂದ ಹೊರಡುವಾಗ ಒಂದು ಪೆಡಲ್ ಮುಂದಕ್ಕೂ ಸ್ವಲ್ಪ ಮೇಲಕ್ಕೂ ಇರುವಂತೆ ನಿಲ್ಲಿಸಿ, ಅದನ್ನು ಒತ್ತಿ ಹೊರಡುವುದನ್ನು ಬೇರೆಯಾಗಿ ಕಲಿಸಬೇಕು. ಕೈಬ್ರೇಕ್ ಹಿಡಿದು ಹೇಳಿದ ಜಾಗದಲ್ಲಿ ನಿಲ್ಲುವುದು ರೂಢಿಯಾಗುವವರೆಗೆ ಬಯಲು ಬಿಟ್ಟು ರಸ್ತೆಗೆ ಕಳಿಸಬಾರದು.

ಸೈಡ್ ವೀಲ್ ಸೈಕಲ್ ಈಗಾಗಲೇ ಮನೆಗೆ ಬಂದಿದ್ದರೂ ತಡವಾಗಿಲ್ಲ. ಸೈಡ್ ವೀಲನ್ನು ದಿನೇದಿನೇ ಸ್ವಲ್ಪ ಸ್ವಲ್ಪ ಮೇಲಕ್ಕೆತ್ತುವ ಪದ್ಧತಿ ಕೆಲವೆಡೆ ಇದೆ. ಹಾಗೆ ಮಾಡಿದರೆ ಮಗು ಒಂದೇ ಬದಿಗೆ ಒರಗಿ ಮೂರು ಗಾಲಿಯ ಮೇಲೆ ಓಡಿಸಲು ಕಲಿಯುತ್ತದೆ, ಅಷ್ಟೇ. ಸೈಡ್ ವೀಲ್ ಜೊತೆಗೆ ಪೆಡಲ್ಲನ್ನೂ ಎರಡು ಮೂರು ವಾರದ ಮಟ್ಟಿಗೆ ಬಿಚ್ಚಿಟ್ಟು, ಸೀಟು ತಗ್ಗಿಸಿ, ಕಾಲಲ್ಲಿ ತಳ್ಳಿಕೊಂಡು ಓಡಾಡಲು ಬಿಟ್ಟರೆ ಸಾಕು. ಪೆಡಲ್ ತುಳಿಯುವುದು ಮಗುವಿಗೆ ಮೊದಲೇ ಬಂದಿರುತ್ತದೆ. ತೇಲುವುದು ಬಂದ ದಿನ ಪೆಡಲ್ ಮತ್ತೆ ಹಾಕಿಸಬಹುದು.