ಸಂದೇಶ ದಾರಿಯಲ್ಲಿ ಕೆಟ್ಟಿತೇ? ಪತ್ತೆ ಹಚ್ಚೋಣ

ಮಕ್ಕಳೇ, ‘ಇಂದು 40 ಮಕ್ಕಳಿಗೆ ಬಿಸಿಯೂಟ’ ಎಂಬ ಲೆಕ್ಕವನ್ನು ನಿಮ್ಮ ಶಾಲೆಯಿಂದ ನಿಸ್ತಂತು ಯಂತ್ರದ ಮೂಲಕ ಕಳುಹಿಸಿದರು ಎಂದುಕೊಳ್ಳಿ. ಯಂತ್ರಕ್ಕೆ ಗೊತ್ತಿರುವುದು 0 ಮತ್ತು 1 ಎಂಬ ಎರಡೇ ಅಂಕಿ. ಅದರ ಲೆಕ್ಕದಲ್ಲಿ 40 ಎಂದರೆ 101000. ದಾರಿಯಲ್ಲಿ ಮೊದಲ 1 ಕೆಟ್ಟು 0 ಆದರೆ ತಲುಪುವುದು 001000, ಅಂದರೆ 8! 32 ಮಕ್ಕಳ ಊಟ ಲೆಕ್ಕದಿಂದಲೇ ಬಿಟ್ಟುಹೋಯಿತು.

ಮಿಂಚು, ಬೇರೆ ಯಂತ್ರಗಳ ಅಲೆಗಳು ರೇಡಿಯೋ ಸಂಕೇತವನ್ನು ಹೀಗೆ ಕೆಡಿಸಬಲ್ಲವು. ಇದನ್ನು ತಿಳಿಯಲು ಒಂದು ಉಪಾಯವಿದೆ. ಸಂದೇಶದ ಕೊನೆಗೆ ಒಂದು ‘ಸಾಕ್ಷಿ ಅಂಕಿ’ ಸೇರಿಸುತ್ತಾರೆ. ಒಟ್ಟು 1ಗಳ ಎಣಿಕೆ ಯಾವಾಗಲೂ ಸಮಸಂಖ್ಯೆಯಾಗಬೇಕು. 101000ರಲ್ಲಿ ಎರಡು 1 ಇವೆ. ಹಾಗಾಗಿ ಸಾಕ್ಷಿ 0. ತಲುಪಿದ್ದು 0010000 ಆದರೆ ಒಂದೇ 1 ಇದೆ, ಬೆಸಸಂಖ್ಯೆ. ತಪ್ಪು ಸಿಕ್ಕಿತು! ಆದರೆ ತಪ್ಪಿದ ಅಂಕಿ ಯಾವುದು?

ಮಾಡಿ ನೋಡಿ: ಸೀಳಿದ 25 ಹುಣಸೆ ಬೀಜಗಳನ್ನು ತೆಗೆದುಕೊಳ್ಳಿ. ಗೆಳೆಯ 16 ಬೀಜಗಳನ್ನು ಕಪ್ಪು, ಬಿಳಿ ಹೇಗೆ ಬೇಕಾದರೂ 4 ಸಾಲುಗಳಲ್ಲಿ ಇಡಲಿ. ಪ್ರತಿ ಅಡ್ಡಸಾಲಿನ ಕೊನೆಗೂ, ಆಮೇಲೆ ಪ್ರತಿ ಉದ್ದಸಾಲಿನ ಕೆಳಗೂ ನೀವು ಒಂದೊಂದು ಬೀಜ ಸೇರಿಸಿ. ಬಿಳಿಯ ಎಣಿಕೆ ಸಮಸಂಖ್ಯೆಯಾಗಿರಲಿ. ಈಗ ಬೆನ್ನು ತಿರುಗಿಸಿ. ಗೆಳೆಯ ಒಂದು ಬೀಜವನ್ನು ಮಗುಚಲಿ. ಒಂದು ಅಡ್ಡಸಾಲು, ಒಂದು ಉದ್ದಸಾಲಿನಲ್ಲಿ ಮಾತ್ರ ಬಿಳಿ ಬೆಸವಾಗಿರುತ್ತದೆ. ಅವೆರಡೂ ಕೂಡುವಲ್ಲಿರುವುದೇ ಮಗುಚಿದ ಬೀಜ!

ತಪ್ಪನ್ನು ಹುಡುಕಿ ತಾನೇ ತಿದ್ದಿಕೊಳ್ಳುವ ಇಂತಹ ಒಂದು ಜಾಣ ವಿಧಾನವನ್ನು ಅಮೆರಿಕದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದರು.

ವೈ-ಫೈಯಲ್ಲಿ ಸಂದೇಶ ಕಂತುಕಂತಾಗಿ ಹೋಗುತ್ತದೆ. ಪ್ರತಿ ಕಂತಿನ ಜೊತೆ 32 ಸಾಕ್ಷಿ ಅಂಕಿಗಳಿರುತ್ತವೆ. ತಾಳೆಯಾಗದ ಕಂತನ್ನು ಯಂತ್ರ ಒಪ್ಪುವುದಿಲ್ಲ. ಅದನ್ನು ಮತ್ತೆ ಕಳುಹಿಸಬೇಕು. ಆದರೆ ಮಂಗಳ ಗ್ರಹದಿಂದ ಸಂಕೇತ ಬರಲು ಕೆಲವೊಮ್ಮೆ 20 ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ‘ಇನ್ನೊಮ್ಮೆ ಹೇಳು’ ಎಂದು ಕೇಳುತ್ತ ಕೂರಲಾಗದು. ಆದ್ದರಿಂದ ಬಾಹ್ಯಾಕಾಶದ ಸಂದೇಶಗಳಲ್ಲಿ ತಿದ್ದಿಕೊಳ್ಳಲು ಬೇಕಾದ ಅಂಕಿಗಳನ್ನೂ ಮೊದಲೇ ಸೇರಿಸಿರುತ್ತಾರೆ. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿರುವ 32 ಮೀಟರ್ ಅಗಲದ ಆಂಟೆನಾ 2014ರಲ್ಲಿ ಮಂಗಳಯಾನದ ಕ್ಷೀಣ ಸಂಕೇತಗಳನ್ನು ಹಿಡಿದಿತ್ತು.

ಒಂದು ಎಚ್ಚರಿಕೆ: ಬೇಕೆಂದೇ ಸಂದೇಶ ತಿದ್ದುವವರು ಸಾಕ್ಷಿ ಅಂಕಿಯನ್ನೂ ತಿದ್ದಬಲ್ಲರು. ಅವರನ್ನು ಹಿಡಿಯಲು, ಕಳುಹಿಸುವವರಿಗೂ ಪಡೆಯುವವರಿಗೂ ಮಾತ್ರ ತಿಳಿದ ಗುಟ್ಟಿನ ಸಂಖ್ಯೆಯೊಂದನ್ನು ಬಳಸಿ ಸಾಕ್ಷಿ ತಯಾರಿಸುತ್ತಾರೆ.

ಯೋಚಿಸಿ: ಗೆಳೆಯ ಎರಡು ಬೀಜ ಮಗುಚಿದರೆ? ತಪ್ಪಾಗಿದೆ ಎಂದು ತಿಳಿದೀತೇ? ಎಲ್ಲಿ ಎಂದು ಹೇಳಬಹುದೇ? ಆಡಿ ನೋಡಿ, ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.