ಮೀಟರ್ ರೂಮಿನಲ್ಲಿ ಕೂಡದೇ ಉಳಿದ ಲೆಕ್ಕ

ಮುಂಬೈಯ ಯಾವ ಹೌಸಿಂಗ್ ಸೊಸೈಟಿಗೆ ಹೋದರೂ ನೆಲಮಹಡಿಯಲ್ಲಿ, ಲಿಫ್ಟಿನ ಪಕ್ಕದಲ್ಲೋ ಮೆಟ್ಟಿಲ ಕೆಳಗೋ, ಒಂದು ಇಕ್ಕಟ್ಟಿನ ಕೋಣೆಯಿರುತ್ತದೆ. ಒಳಗೆ ಗೋಡೆಯುದ್ದಕ್ಕೂ ಮೀಟರುಗಳ ಸಾಲು; ಒಂದೊಂದರ ಮೇಲೂ ಫ್ಲ್ಯಾಟಿನ ಸಂಖ್ಯೆ. ಜೊತೆಗೆ ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳಿಗೊಂದು ಕಾಮನ್ ಮೀಟರು. ತಿಂಗಳು ತಿಂಗಳೂ ಮನೆಮನೆಗೆ ಬಿಲ್ಲು ಬರುತ್ತದೆ, ಎಲ್ಲರೂ ತಮ್ಮ ತಮ್ಮ ಪಾಲು ಕಟ್ಟುತ್ತಾರೆ. ಇಡೀ ಕಟ್ಟಡ ಸೇರಿ ಎಷ್ಟು ವಿದ್ಯುತ್ ಬಳಸಿತು, ಅದರಿಂದ ಎಷ್ಟು ಇಂಗಾಲ ಆಕಾಶಕ್ಕೆ ಹೋಯಿತು ಎಂದು ಕೂಡಿ ನೋಡುವವರು ಮಾತ್ರ ಇಲ್ಲ.

ಹಾಗೆ ನೋಡಿದರೆ ನಗರದ ಒಟ್ಟು ಲೆಕ್ಕ ನಮ್ಮ ಕೈಯಲ್ಲಿದೆ. ಬೃಹನ್ಮುಂಬೈ ಮಹಾನಗರ ಪಾಲಿಕೆ 2022ರ ಮಾರ್ಚ್‌ನಲ್ಲಿ ಹವಾಮಾನ ಕ್ರಿಯಾ ಯೋಜನೆಯನ್ನು ಹೊರತಂದಿತು. ಅದರ ಪ್ರಕಾರ 2019ರಲ್ಲಿ ಮುಂಬೈ ಹೊರಬಿಟ್ಟ ಹಸಿರುಮನೆ ಅನಿಲ ಸುಮಾರು 2.34 ಕೋಟಿ ಟನ್. ಅದರಲ್ಲಿ ವಾಹನಗಳ ಪಾಲು ಐದರಲ್ಲೊಂದು ಭಾಗ. ಶೇ 70ಕ್ಕೂ ಹೆಚ್ಚು ಬಂದದ್ದು ಶಕ್ತಿಯ ಬಳಕೆಯಿಂದ, ಮುಖ್ಯವಾಗಿ ಮನೆ, ಕಚೇರಿ, ಅಂಗಡಿಗಳು ಬಳಸುವ ವಿದ್ಯುತ್ತಿನಿಂದ. ರಸ್ತೆಯ ಹೊಗೆ ಕಣ್ಣಿಗೆ ಬೀಳುತ್ತದೆ. ಗಾಜಿನ ಗೋಪುರದ ಹೊಗೆ ದೂರದ ಡಹಾಣೂವಿನಂಥ ಊರಿನ ವಿದ್ಯುತ್ ಸ್ಥಾವರದ ಚಿಮಣಿಯಲ್ಲಿ ಏಳುವುದರಿಂದ ನಮಗೆ ಕಾಣುವುದಿಲ್ಲ.

ಒಂದು ಕಾಲಕ್ಕೆ ಇದೇ ಊರು ನೀರಿನ ಬಲದಿಂದ ದುಡಿಯುತ್ತಿತ್ತು. 1915ರಲ್ಲಿ ಖೋಪೋಲಿಯಲ್ಲಿ ಟಾಟಾ ಜಲವಿದ್ಯುತ್ ಕೇಂದ್ರ ಆರಂಭವಾದಾಗ ಸಹ್ಯಾದ್ರಿಯ ಮಳೆನೀರು ಮುಂಬೈಯ ಬಟ್ಟೆ ಗಿರಣಿಗಳನ್ನು ಓಡಿಸಿತು. ಆ ಗಿರಣಿಗಳ ಜಾಗದಲ್ಲೇ ಇಂದು ಮಾಲ್‌ಗಳೂ ಮುಗಿಲೆತ್ತರದ ಟವರ್‌ಗಳೂ ನಿಂತಿವೆ. ಅವುಗಳಿಗೆ ಬರುವ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದು.

ಒಂದು ಟವರ್, ಒಂದು ವರ್ಷ

ಲೆಕ್ಕ ಕಷ್ಟದ್ದಲ್ಲ. 200 ಮನೆಗಳ ಒಂದು ಟವರ್ ಅಂದುಕೊಳ್ಳಿ. ಮನೆಗೆ ತಿಂಗಳಿಗೆ 300 ಯೂನಿಟ್‌ನಂತೆ ವರ್ಷಕ್ಕೆ 7.2 ಲಕ್ಷ ಯೂನಿಟ್ ಆಯಿತು. ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ಟಿನ ಹಿಂದೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅಂದರೆ ಆ ಟವರಿನ ಮನೆಗಳಿಂದಲೇ ವರ್ಷಕ್ಕೆ 500 ಟನ್. ಇದಕ್ಕೆ ಕಾಮನ್ ಮೀಟರು, ಜನರೇಟರಿನ ಡೀಸೆಲ್, ಅಡುಗೆಮನೆಗೆ ಬರುವ ಪೈಪ್ ಗ್ಯಾಸ್ ಸೇರಬೇಕು. ಏಸಿಯಿಂದ ಸೋರುವ ಅನಿಲವನ್ನೂ ಮರೆಯುವಂತಿಲ್ಲ: ಬಹಳ ಏಸಿಗಳಲ್ಲಿರುವ ಆರ್-410ಎ ಅನಿಲ ಒಂದೇ ಕೆ.ಜಿ. ಸೋರಿದರೂ ಅದು ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ.

ತೊಡಕಿರುವುದು ಅಂಕಿಗಳನ್ನು ಒಂದೆಡೆ ತರುವಲ್ಲಿ. ದ್ವೀಪನಗರದ ಬಹುಭಾಗಕ್ಕೆ ಬೆಸ್ಟ್, ಉಪನಗರಗಳಲ್ಲಿ ಅದಾನಿ ಮತ್ತು ಟಾಟಾ, ಮುಲುಂಡ್-ಭಾಂಡೂಪ್ ಕಡೆ ಮಹಾವಿತರಣ ವಿದ್ಯುತ್ ಕೊಡುತ್ತವೆ. ಉಪನಗರದಲ್ಲಿ ಅಕ್ಕಪಕ್ಕದ ಮನೆಯವರೇ ಬೇರೆ ಬೇರೆ ಕಂಪನಿಯ ಗ್ರಾಹಕರಾಗಿರಬಹುದು. ಕಂಪನಿಗಳಿಗೆ ಗ್ರಾಹಕ ಗೊತ್ತು, ಪಾಲಿಕೆಗೆ ಆಸ್ತಿತೆರಿಗೆಯ ಕಟ್ಟಡ ಗೊತ್ತು. ಈ ಎರಡು ದಫ್ತರಗಳು ಒಂದೇ ಮೇಜಿನ ಮೇಲೆ ತೆರೆದುಕೊಳ್ಳಬೇಕು. ಯಾವ ಮನೆಯ ಬಿಲ್ಲೂ ಬಯಲಾಗಬೇಕಿಲ್ಲ. ಕಟ್ಟಡದ ಮೊತ್ತ ಹೊರಬಂದರೆ ಸಾಕು.

ಬಾಗಿಲಿಗೆ ಅಂಟಿಸಿದ ದರ್ಜೆ

ನ್ಯೂಯಾರ್ಕ್ ಈ ದಾರಿಯಲ್ಲಿ ಮುಂದೆ ಹೋಗಿದೆ. 2009ರ ಕಾನೂನಿನಿಂದ ಅಲ್ಲಿನ ದೊಡ್ಡ ಕಟ್ಟಡಗಳು ತಮ್ಮ ಶಕ್ತಿಬಳಕೆಯನ್ನು ವರ್ಷವರ್ಷವೂ ವರದಿ ಮಾಡಬೇಕಾಯಿತು. 2020ರಿಂದ ಕಟ್ಟಡದ ದರ್ಜೆಯ ಚೀಟಿ ಪ್ರವೇಶದ್ವಾರದಲ್ಲೇ ಕಾಣಬೇಕು. 2019ರ ಇನ್ನೊಂದು ಕಾನೂನು 25,000 ಚದರಡಿಗೆ ಮೀರಿದ ಬಹುತೇಕ ಕಟ್ಟಡಗಳಿಗೆ 2024ರಿಂದ ಇಂಗಾಲದ ಮಿತಿ ಹಾಕಿ, ಮೀರಿದರೆ ದಂಡ ವಿಧಿಸಿದೆ. ಮೊದಲು ಅಳತೆ, ಆಮೇಲೆ ಬಹಿರಂಗ, ಕೊನೆಗೆ ಮಿತಿ. ಈ ಕ್ರಮವೇ ಅಲ್ಲಿಂದ ಕಲಿಯಬೇಕಾದ ಪಾಠ.

ನಮ್ಮಲ್ಲೂ ಸಾಧನಗಳಿವೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2009ರಲ್ಲೇ ಕಚೇರಿ ಕಟ್ಟಡಗಳಿಗೆ ನಕ್ಷತ್ರದ ಶ್ರೇಣಿ ತಂದಿತು. ಒಂದು ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದೇ ಅದರ ಅಳತೆಗೋಲು. ಆದರೆ ಅದು ಇಷ್ಟವಿದ್ದವರಿಗೆ ಮಾತ್ರ. ಫೋರ್ಟ್‌ನಲ್ಲಿ 1972ರಲ್ಲಿ ಕಟ್ಟಿದ ಗೋದ್ರೆಜ್ ಭವನದ ಹವಾನಿಯಂತ್ರಣ ವ್ಯವಸ್ಥೆಯನ್ನು 2010ರ ಹೊತ್ತಿಗೆ ನವೀಕರಿಸಿದ್ದು, ಹಳೆಯ ಕಟ್ಟಡವೂ ಮಿತವ್ಯಯ ಕಲಿಯಬಲ್ಲದು ಎಂಬುದಕ್ಕೆ ಸಾಕ್ಷಿ.

ಕಾಮನ್ ಮೀಟರಿನ ಲೆಕ್ಕದಲ್ಲಿ ಬಾರದ ಇನ್ನೊಂದು ಭಾರವೂ ಇದೆ. ಊರಿನ ತುಂಬ ಈಗ ರೀಡೆವಲಪ್‌ಮೆಂಟಿನ ಸದ್ದು. 1920ರ ದಶಕದ ವರ್ಲಿಯ ಬಿಡಿಡಿ ಚಾಳುಗಳ ಜಾಗದಲ್ಲೂ ಟವರ್‌ಗಳು ಏಳುತ್ತಿವೆ. ಚಾಳಿನ ಸಣ್ಣ ಕೋಣೆಯಲ್ಲಿ ಬದುಕು ಸವೆಸಿದವರಿಗೆ ಒಳ್ಳೆಯ ಮನೆ ಸಿಗಲೇಬೇಕು. ಅದಕ್ಕೆ ಸುರಿಯುವ ಸಿಮೆಂಟು, ಉಕ್ಕಿನ ಇಂಗಾಲವನ್ನು ಬಿಲ್ಡರನ ಖಾತೆಯಲ್ಲಿ ಬರೆದಿಡುವುದೂ ಅಷ್ಟೇ ನ್ಯಾಯ.

2050ಕ್ಕೆ ನಿವ್ವಳ ಶೂನ್ಯ ಎಂದು ಪಾಲಿಕೆ ಮಾತು ಕೊಟ್ಟಿದೆ. 2030ರೊಳಗೆ ಶೇ 30ರಷ್ಟು ಇಳಿಯಬೇಕು. ಕಾನೂನು ಬರುವ ತನಕ ಸೊಸೈಟಿಗಳು ಕಾಯಬೇಕಾಗಿಲ್ಲ. ವರ್ಷದ ಸರ್ವಸದಸ್ಯರ ಸಭೆಯಲ್ಲಿ ಮೇಂಟೆನೆನ್ಸ್, ಸಿಂಕಿಂಗ್ ಫಂಡ್‌ಗಳ ಪೈಸೆಪೈಸೆಗೂ ಜಗಳವಾಡುವವರು ನಾವು. ಅದೇ ವರದಿಯಲ್ಲಿ ಇನ್ನೊಂದು ಸಾಲು ಸೇರಲಿ: ಈ ವರ್ಷ ನಮ್ಮ ಕಟ್ಟಡ ಇಷ್ಟು ಯೂನಿಟ್ ಬಳಸಿತು, ಇಷ್ಟು ಟನ್ ಹೊರಬಿಟ್ಟಿತು. ಮುಂದಿನ ವರ್ಷದ ಸಭೆಯಲ್ಲಿ ಯಾರಾದರೊಬ್ಬರು ಎದ್ದುನಿಂತು, ಅದು ಯಾಕೆ ಇಳಿದಿಲ್ಲ ಎಂದು ಕೇಳಿಯೇ ಕೇಳುತ್ತಾರೆ.