ಬಸ್ರಾದ ಮೂವರು ಅಣ್ಣತಮ್ಮಂದಿರು

ಒಬ್ಬ ದೈವಭಕ್ತ, ಒಬ್ಬ ಅವಿಶ್ವಾಸಿ, ಮತ್ತೊಬ್ಬ ಹಾಲುಗಲ್ಲದ ಕೂಸು. ಮೂವರೂ ತೀರಿಕೊಂಡರು. ಅವರ ಗತಿಯೇನು? ಇರಾಕಿನ ಬಸ್ರಾದಲ್ಲಿ ಅಬುಲ್ ಹಸನ್ ಅಶ್‌ಅರಿ ತನ್ನ ಗುರು ಅಬೂ ಅಲಿ ಜುಬ್ಬಾಯಿಗೆ ಹಾಕಿದ ಪ್ರಶ್ನೆಯಿದು. ಭಕ್ತನಿಗೆ ಸ್ವರ್ಗ, ಅವಿಶ್ವಾಸಿಗೆ ನರಕ, ಮಗುವಿಗೆ ಎರಡೂ ಇಲ್ಲ ಎಂದ ಗುರು. ನನಗೂ ಆಯುಸ್ಸು ಕೊಟ್ಟಿದ್ದರೆ ಪುಣ್ಯ ಗಳಿಸುತ್ತಿದ್ದೆನಲ್ಲ ಎಂದು ಮಗು ದೂರಿದರೆ? ನೀನು ಬೆಳೆದು ಪಾಪಿಯಾಗುತ್ತಿದ್ದೆ, ನಿನ್ನ ಒಳಿತಿಗೇ ಬೇಗ ಕರೆಸಿಕೊಂಡೆ ಎನ್ನುತ್ತಾನೆ ದೇವರು. ಹಾಗಾದರೆ ನನ್ನನ್ನೇಕೆ ಬೆಳೆಯಲು ಬಿಟ್ಟೆ ಎಂದು ನರಕದಲ್ಲಿರುವವನು ಕೂಗಿದರೆ? ಗುರುವಿನ ಬಾಯಿ ಕಟ್ಟಿಹೋಯಿತಂತೆ.

ಜುಬ್ಬಾಯಿ ಇಸ್ಲಾಮಿನ ಮುತಜಿಲಾ ಪಂಥದವನು. ಎಂಟನೇ ಶತಮಾನದಲ್ಲಿ ವಾಸಿಲ್ ಬಿನ್ ಅತಾ ಅದೇ ಊರಲ್ಲಿ ಕಟ್ಟಿದ ಪಂಥವದು. ಸುಳ್ಳು, ಅನ್ಯಾಯ ಕೆಟ್ಟದ್ದೆಂದು ತಿಳಿಯಲು ಪ್ರವಾದಿ ಬರುವವರೆಗೂ ಕಾಯಬೇಕಿಲ್ಲ, ಬುದ್ಧಿಯೇ ಸಾಕು; ಮನುಷ್ಯ ತನ್ನ ಕರ್ಮಕ್ಕೆ ತಾನೇ ಕರ್ತ, ಇಲ್ಲದಿದ್ದರೆ ದೇವರು ಶಿಕ್ಷಿಸುವುದು ನ್ಯಾಯವಾಗದು ಎಂಬುದು ಅವರ ನಿಲುವು. ನಮಾಜು, ಉಪವಾಸ ಬಿಟ್ಟವರಲ್ಲ ಅವರು. ದೇವರ ನ್ಯಾಯದ ಮೇಲಿನ ಭಕ್ತಿಯೇ ಅವರನ್ನು ಆ ವಾದಕ್ಕೆ ತಂದಿತ್ತು.

ಸುಮಾರು ನಲವತ್ತರ ವಯಸ್ಸಿನಲ್ಲಿ, 912ರ ಹೊತ್ತಿಗೆ, ಅಶ್‌ಅರಿ ಗುರುವನ್ನು ತೊರೆದ. ದೇವರು ಆಜ್ಞಾಪಿಸಿದ್ದರಿಂದಲೇ ಒಳ್ಳೆಯದು ಒಳ್ಳೆಯದು, ನಿಷೇಧಿಸಿದ್ದರಿಂದಲೇ ಕೆಟ್ಟದ್ದು ಕೆಟ್ಟದ್ದು ಎಂಬುದು ಅವನ ಪಂಥದ ಬುನಾದಿಯಾಯಿತು. ಸಮರ್‌ಕಂದದ ಮಾತುರೀದಿ ನಡುದಾರಿ ಹಿಡಿದ. ಭಾರತದ ಹನಫಿ ಮದರಸಾಗಳಲ್ಲಿ ಇಂದಿಗೂ ಆತನ ಪಂಥದ ಪಾಠ ನಡೆಯುತ್ತದೆ.

ಮುತಜಿಲಾಗಳು ಸೋತದ್ದು ವಾದದಿಂದಷ್ಟೇ ಅಲ್ಲ. 833ರಲ್ಲಿ ಖಲೀಫ ಮಾಮೂನ್ ಅವರ ಪಕ್ಷ ವಹಿಸಿ, ಕುರಾನ್ ಅನಾದಿಯಲ್ಲ, ಸೃಷ್ಟಿಯಾದದ್ದೆಂದು ಒಪ್ಪುವಂತೆ ಖಾಜಿಗಳನ್ನೂ ವಿದ್ವಾಂಸರನ್ನೂ ವಿಚಾರಣೆಗೆ ಎಳೆದ. ಒಪ್ಪದ ಅಹ್ಮದ್ ಬಿನ್ ಹಂಬಲ್‌ಗೆ ಮುಂದಿನ ಖಲೀಫನ ಕಾಲದಲ್ಲಿ ಚಾಟಿಯೇಟು ಬಿತ್ತು. ಬುದ್ಧಿಯ ಸ್ವಾತಂತ್ರ್ಯವನ್ನು ಸಾರಿದವರು ಚಾಟಿಯ ಬೆನ್ನಿಗೆ ನಿಂತರು. ಇದನ್ನು ಕ್ಷಮಿಸಲು ನನ್ನಿಂದಾಗದು. ಏಟು ತಿಂದ ಅಹ್ಮದ್ ಜನರ ಕಣ್ಣಲ್ಲಿ ವೀರನಾದ.

ಅಣ್ಣತಮ್ಮಂದಿರ ಕಥೆ ನಮಗೆ ಬಂದದ್ದು ಗೆದ್ದವರ ಕಡೆಯಿಂದ. ಮನುಷ್ಯನಿಗೆ ಅತ್ಯುತ್ತಮವಾದದ್ದನ್ನೇ ದೇವರು ಮಾಡಲೇಬೇಕು ಎಂದು ಎಲ್ಲದಕ್ಕೂ ಪಟ್ಟುಹಿಡಿದವರು ಬಗ್ದಾದಿನ ಮುತಜಿಲಾಗಳು. ಜುಬ್ಬಾಯಿ ಅಷ್ಟು ದೂರ ಹೋದವನಲ್ಲ. ಆದ್ದರಿಂದಲೇ ಅವನು ನಿರುತ್ತರನಾದ ಎಂಬ ಮಾತನ್ನು ಹಲವು ವಿದ್ವಾಂಸರು ನಂಬುವುದಿಲ್ಲ.

ಜುಬ್ಬಾಯಿಯ ಕಡೆಯವರ ಮಾತು ಕೇಳೋಣವೆಂದರೆ ಪುಸ್ತಕಗಳೇ ಇರಲಿಲ್ಲ. ಶತಮಾನಗಳ ಕಾಲ ಮುತಜಿಲಾಗಳನ್ನು ಬಹುಮಟ್ಟಿಗೆ ಎದುರಾಳಿಗಳ ಬರಹದಿಂದಲೇ ತಿಳಿಯಬೇಕಾಗಿತ್ತು. 1950ರ ದಶಕದ ಆರಂಭದಲ್ಲಿ ಈಜಿಪ್ಟಿನ ವಿದ್ವಾಂಸರು ಯೆಮೆನ್‌ಗೆ ಹೋದಾಗ, ಅಲ್ಲಿನ ಝೈದಿ ಶಿಯಾಗಳು ಕಾಪಾಡಿಕೊಂಡು ಬಂದ ಹಸ್ತಪ್ರತಿಗಳ ನಡುವೆ ಮುತಜಿಲಾ ವಿದ್ವಾಂಸ ಖಾಜಿ ಅಬ್ದುಲ್ ಜಬ್ಬಾರನ ‘ಅಲ್ ಮುಗ್ನಿ’ ಕೈಸೇರಿತು. 20 ಸಂಪುಟಗಳಲ್ಲಿ ಸಿಕ್ಕಿದ್ದು 14. ಜುಬ್ಬಾಯಿ ಬರೆದ ಕುರಾನ್ ವ್ಯಾಖ್ಯಾನ ಮಾತ್ರ ಉಳಿದಿರುವುದು ಬೇರೆಯವರು ಉದ್ಧರಿಸಿದ ತುಣುಕುಗಳಲ್ಲಷ್ಟೇ.